ಜೋಳದ ಹೊಡೆಯೊಳಗೆ ಪರಾಗ ಕೆಟ್ಟಾಗ

[ದೃಶ್ಯ: ರಾಯಚೂರು ಜಿಲ್ಲೆಯ ಎರೆಹೊಲ, ಹೂವಾಡುತ್ತಿರುವ ಹಿಂಗಾರಿ ಜೋಳ.]

ಹುಲ್ಲಿನ ಕುಟುಂಬಕ್ಕೆ ಸೇರಿದ ಜೋಳ, ಭತ್ತ, ಸಜ್ಜೆಗಳಲ್ಲಿ ತೆನೆ ಕಾಳು ಕಟ್ಟುವುದೋ ಜೊಳ್ಳಾಗುವುದೋ ಎಂಬುದು ಎಷ್ಟೋ ಸಲ ಅದು ಹೊರಬರುವ ಮೊದಲೇ, ಎಳೆಯ ತೆನೆಯನ್ನು ಸುತ್ತಿಕೊಂಡಿರುವ ಎಲೆಯ ಹೊದಿಕೆಯಾದ ಹೊಡೆಯೊಳಗೇ ತೀರ್ಮಾನವಾಗಿರುತ್ತದೆ.

[ದೃಶ್ಯ: ಪರಾಗಕೋಶದ ಅಡ್ಡಸೀಳಿಕೆಯ ಚಿತ್ರ.]

ಪರಾಗಕೋಶದ ಒಳಗೋಡೆಯಲ್ಲಿ ಟಪೀಟಮ್ ಎಂಬ ತೆಳುವಾದ ಪದರವಿದೆ. ತಾಯಿಕೋಶ ಒಡೆದು ನಾಲ್ಕು ನಾಲ್ಕಾಗಿ ಹುಟ್ಟುವ ಎಳೆಯ ಪರಾಗ ಕಣಗಳಿಗೆ ಆಹಾರವನ್ನೂ ಹೊರಕವಚದ ಸಾಮಗ್ರಿಯನ್ನೂ ಒದಗಿಸಿ, ಕೆಲಸ ಮುಗಿದ ಮೇಲೆ ತಾನೇ ಕರಗಿಹೋಗುವುದು ಅದರ ಕ್ರಮ. ಅದು ಅವಧಿಗೆ ಮುನ್ನ ಕರಗಿದರೂ, ಕರಗಬೇಕಾದಾಗ ಕರಗದೆ ಉಳಿದರೂ ಕಣಗಳು ಪಿಷ್ಟ ತುಂಬಿಕೊಳ್ಳದೆ ಸುಕ್ಕುಗಟ್ಟುತ್ತವೆ. ಅಯೋಡಿನ್ ದ್ರಾವಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪಿಷ್ಟವಿರುವ ಪರಾಗ ಕಡುನೀಲಿ ಬಣ್ಣಕ್ಕೆ ತಿರುಗುತ್ತದೆ, ಪಿಷ್ಟವಿಲ್ಲದ್ದು ಬಣ್ಣ ಹಿಡಿಯುವುದಿಲ್ಲ.

ಬಿಸಿಲು, ಚಳಿ, ನೀರಿನ ಕೊರತೆ ಇವೆಲ್ಲ ಇದಕ್ಕೆ ಕಾರಣವಾಗಬಲ್ಲವು. ಆದರೆ ಹೆಚ್ಚು ಕುತೂಹಲದ ಕಾರಣ ಗಿಡದೊಳಗೇ ಇದೆ. 1954ರಲ್ಲಿ ಅಮೆರಿಕದ ಸ್ಟೀಫನ್ಸ್ ಮತ್ತು ಹಾಲೆಂಡ್ ಎಂಬ ವಿಜ್ಞಾನಿಗಳು, ಮೈಲೋ ಎಂಬ ಬಗೆಯ ಜೋಳದ ಕೋಶರಸದಲ್ಲಿ (ಸೈಟೋಪ್ಲಾಸಂ) ಕಾಫಿರ್ ಎಂಬ ಬಗೆಯ ಜೋಳದ ಕೋಶಕೇಂದ್ರ ಸೇರಿದಾಗ ಪರಾಗ ಬಲಿಯುವುದಿಲ್ಲವೆಂದು ವರದಿ ಮಾಡಿದರು. ಅಂಡಾಶಯಕ್ಕೆ ಮಾತ್ರ ಏನೂ ಆಗಿರುವುದಿಲ್ಲ. ಬೇರೆ ತಳಿಯ ಪರಾಗ ಬಿದ್ದರೆ ಕಾಳು ಕಟ್ಟುತ್ತದೆ. ಜೋಳದ ಹೂವು ಎಷ್ಟು ಚಿಕ್ಕದೆಂದರೆ ಕೈಯಿಂದ ಕೇಸರ ಕಿತ್ತು ಎಕರೆಗಟ್ಟಲೆ ಹೈಬ್ರಿಡ್ ಬೀಜ ಮಾಡುವುದು ಆಗದ ಮಾತು. ಆ ಕೆಲಸವನ್ನು ಈ ದೋಷವೇ ಮಾಡಿಕೊಟ್ಟಿತು, ಮತ್ತು ಅದರ ಬಲದಿಂದಲೇ 1964ರಲ್ಲಿ ಭಾರತದ ಮೊದಲ ಹೈಬ್ರಿಡ್ ಜೋಳ ಸಿಎಸ್‌ಎಚ್-1 ಬಿಡುಗಡೆಯಾಯಿತು.

[ದೃಶ್ಯ: ಬೀಜೋತ್ಪಾದನೆಯ ಹೊಲ, ಹೆಣ್ಣು ಸಾಲು, ಗಂಡು ಸಾಲು.]

ಪರಾಗ ಬಲಿಯದ ಗಿಡಗಳದ್ದು ಹೆಣ್ಣು ಸಾಲು, ಅವಕ್ಕೆ ಪರಾಗ ಕೊಡುವ ತಳಿಯದ್ದು ಗಂಡು ಸಾಲು. ಹೆಣ್ಣು ಸಾಲಿನ ದೋಷ ಹೈಬ್ರಿಡ್ ಬೀಜಕ್ಕೂ ಬರುತ್ತದೆ, ಆದರೆ ರೈತನಿಗೆ ಬೇಕಾದದ್ದು ಕಾಳು. ಆದ್ದರಿಂದ ಗಂಡು ಸಾಲಿನ ತಳಿಯಲ್ಲಿ ಫಲವತ್ತತೆಯನ್ನು ಮರಳಿಸುವ ಜೀನ್ ಇರಲೇಬೇಕು. ಹಿಂಗಾರಿಯಲ್ಲಿ ತೊಡಕಾಗುವುದು ಇಲ್ಲೇ. ಹೂವಾಡುವ ಹೊತ್ತಿಗೆ ರಾತ್ರಿಯ ಚಳಿ ಹೆಚ್ಚಾದರೆ ಕೆಲವು ಹೈಬ್ರಿಡ್‌ಗಳಲ್ಲಿ ಆ ಜೀನ್ ಪೂರ್ತಿ ಕೆಲಸ ಮಾಡದೆ ತೆನೆಯಲ್ಲಿ ಕಾಳು ವಿರಳವಾಗುತ್ತದೆ. ನಮ್ಮ ಭಾಗದಲ್ಲಿ ಹಿಂಗಾರಿಗೆ ಹೈಬ್ರಿಡ್ ಅಲ್ಲದ ಮಾಲದಂಡಿ ತಳಿಯನ್ನೇ ನೆಚ್ಚಿಕೊಂಡಿರುವುದಕ್ಕೆ ರೊಟ್ಟಿಯ ರುಚಿಯ ಜೊತೆಗೆ ಇದೂ ಒಂದು ಕಾರಣವೆಂದು ನನ್ನ ಅಭಿಪ್ರಾಯ.

ಬಿಸಿಲು ಮಾಡುವ ತೊಂದರೆ ಇದಕ್ಕೆ ತದ್ವಿರುದ್ಧ. ತಾಪ ವಿಪರೀತ ಏರಿದರೆ ಹೆಣ್ಣು ಸಾಲಿನ ಕೆಲವು ಗಿಡಗಳು ಪರಾಗ ಉದುರಿಸತೊಡಗಿ ಬೀಜದ ಶುದ್ಧತೆಯನ್ನು ಕೆಡಿಸುತ್ತವೆ. ಬೀಜದ ಪ್ಲಾಟ್ ಹಾಕಿದವರು ಹೂವಾಡುವಷ್ಟು ದಿನವೂ ಬೆಳಗಿನ ಜಾವವೇ ಹೆಣ್ಣು ಸಾಲುಗಳನ್ನು ನೋಡಿ, ತುಂಬಿದ ಹಳದಿ ಪರಾಗಕೋಶ ಕಂಡ ಗಿಡವನ್ನು ಅದು ಧೂಳು ಹಾರಿಸುವ ಮೊದಲೇ ಕಿತ್ತು ಹೊಲದಿಂದ ಹೊರಗೆ ಹಾಕಬೇಕು.