ಮುದ್ದೆ ಕೋಲಿನ ಅಳತೆ

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮದು ಮೈಸೂರಿನಲ್ಲಿ 1978ರಲ್ಲಿ ಕಟ್ಟಿದ ಮನೆ. ಅಡುಗೆಮನೆಯಲ್ಲಿ ಕೆಂಪು ಗಾರೆ ನೆಲ, ಕಡಪ ಕಲ್ಲಿನ ಕಟ್ಟೆ, ಗೋಡೆಯಲ್ಲಿ ಗೂಡುಗಳು, ಮೇಲೆ ಹೊಗೆ ಹಿಡಿದ ಅಟ್ಟ. ಹೋದ ವರ್ಷ ಅದನ್ನು ಹೊಸದು ಮಾಡಿಸಿದೆವು. ಹೇಗೆ ಮಾಡಿಸಬೇಕು ಅಂತ ನಮಗೆ ತೋರಿಸಿಕೊಟ್ಟದ್ದು ಒಂದು ಹಳೇ ಮರದ ಮಣೆ. ಅದರ ಕಥೆ ಇವತ್ತು ನಿಮಗೆ ಹೇಳಬೇಕು.

ನಮ್ಮತ್ತೆಗೆ 71 ವರ್ಷ. ಎತ್ತರ 4 ಅಡಿ 10 ಇಂಚು. ವಾರದಲ್ಲಿ ನಾಲ್ಕು ದಿನವಾದರೂ ನಮ್ಮಲ್ಲಿ ಮುದ್ದೆ ಆಗಬೇಕು. ಮುದ್ದೆ ತೊಳಸುವಾಗ ಅತ್ತೆ ಒಲೆ ಮುಂದೆ ಆ ಮಣೆ ಹಾಕಿ, ಅದರ ಮೇಲೆ ನಿಲ್ಲುತ್ತಿದ್ದರು. ಮದುವೆಯಾಗಿ ಬಂದ ದಿನದಿಂದ ನೋಡಿದ್ದೇನೆ. ಅದು ಅವರ ಅಭ್ಯಾಸ ಅಂತಲೇ ಅಂದುಕೊಂಡಿದ್ದೆ.

ಮೊದಲು ಬಂದ ಡಿಸೈನರ್ ಕಂಪ್ಯೂಟರಿನಲ್ಲಿ ಚಿತ್ರ ತೋರಿಸಿದರು. ಬಿಳಿ ಕಟ್ಟೆ, ಹಿಡಿಯೇ ಇಲ್ಲದ ಬಾಗಿಲುಗಳು, ಉದ್ದಕ್ಕೂ ಒಂದೇ ಎತ್ತರ, 34 ಇಂಚು. ಅತ್ತೆ ನೋಡಿ, "ಎಲ್ಲಾ ಚೆನ್ನಾಗಿದೆಯಪ್ಪ, ನನ್ನ ಮಣೆ ಎಲ್ಲಿಡೋದು?" ಅಂದರು.

ಆಗ ಟೇಪು ಹಿಡಿದು ಹಳೇ ಕಟ್ಟೆ ಅಳೆದೆ. 33 ಇಂಚು ಇತ್ತು. ಇಷ್ಟು ವರ್ಷ ಅವರು ಮಣೆ ಹತ್ತಿದ್ದು ಕಟ್ಟೆ ಎಟುಕದೆ. ನಾವು ದುಡ್ಡು ಕೊಟ್ಟು ಅದನ್ನು ಇನ್ನೂ ಒಂದು ಇಂಚು ಏರಿಸಲು ಹೊರಟಿದ್ದೆವು.

ಲೆಕ್ಕ ಹಾಕಿ ನೋಡಿ. 34 ಇಂಚಿನ ಕಟ್ಟೆ, ಅದರ ಮೇಲೆ ಸುಮಾರು 4 ಇಂಚಿನ ಗ್ಯಾಸ್ ಒಲೆ, ಅದರ ಮೇಲೆ 7 ಇಂಚಿನ ಪಾತ್ರೆ. ಪಾತ್ರೆಯ ಅಂಚು 45 ಇಂಚಿಗೆ ಬಂತು. ಅತ್ತೆಯ ಭುಜ ಅಲ್ಲಿಂದ ಎರಡು ಇಂಚು ಮೇಲಿದೆ, ಅಷ್ಟೇ. ಮುದ್ದೆ ಕೋಲನ್ನು ಮೇಲಿನಿಂದ ಒತ್ತಿ ತಿರುವಬೇಕು ಅಲ್ವಾ? ಕೈ ಭುಜದ ಮಟ್ಟದಲ್ಲಿದ್ದರೆ ಒತ್ತಲು ಬಲ ಎಲ್ಲಿಂದ ಬರಬೇಕು?

ಆ ಚಿತ್ರ ಬಿಟ್ಟು, ನಮ್ಮ ಬೀದಿಯ ಆಚಾರ್ರನ್ನು ಕರೆಸಿ ಅಳತೆಯನ್ನು ಹೊಸದಾಗಿ ಶುರು ಮಾಡಿದೆವು. ಗೋಡೆಗಿಂತ ಮೊದಲು ಅಡುಗೆ ಮಾಡುವವರನ್ನು ಅಳೆದೆವು. ನೀವೂ ಮನೆಯಲ್ಲಿ ಮಾಡಿ ನೋಡಬಹುದು. ನೇರವಾಗಿ ನಿಂತು ಮೊಣಕೈ ಮಡಚಿ. ನೆಲದಿಂದ ಮೊಣಕೈವರೆಗೆ ಎಷ್ಟು ಅಂತ ಅಳೆಯಿರಿ. ತರಕಾರಿ ಹೆಚ್ಚುವ ಕಟ್ಟೆ ಅದಕ್ಕಿಂತ ನಾಲ್ಕೈದು ಇಂಚು ಕೆಳಗಿದ್ದರೆ ಒಳ್ಳೆಯದು. ಒಲೆ ಇಡುವ ಜಾಗ ಇನ್ನೂ ತಗ್ಗಿನಲ್ಲಿರಬೇಕು. ಸಿಂಕ್ ಮಾತ್ರ ಎತ್ತರಕ್ಕೆ ಬರಬೇಕು, ಯಾಕೆಂದರೆ ಪಾತ್ರೆ ತೊಳೆಯುವ ಕೈ ಸಿಂಕಿನ ಒಳಗೆ, ಕಟ್ಟೆಯಿಂದ ಏಳೆಂಟು ಇಂಚು ಕೆಳಗಿರುತ್ತದೆ. ಸೊಂಟ ನೋವು ಹುಟ್ಟುವುದೇ ಅಲ್ಲಿ.

ಹಾಗಾಗಿ ನಮ್ಮ ಕಟ್ಟೆ ಮೂರು ಎತ್ತರದಲ್ಲಿದೆ. ಒಲೆಗೆ 28 ಇಂಚು. ಹೆಚ್ಚುವ ಜಾಗಕ್ಕೆ 32. ಸಿಂಕಿಗೆ 35, ಯಾಕೆಂದರೆ ಪಾತ್ರೆ ತೊಳೆಯುವವಳು ನಾನು, ನನ್ನ ಎತ್ತರ 5 ಅಡಿ 3 ಇಂಚು. ಇದರಲ್ಲಿ ಒಂದು ತೊಂದರೆಯೂ ಇದೆ, ಹೇಳಿಬಿಡುತ್ತೇನೆ. ಮೆಟ್ಟಿಲಿದ್ದ ಕಡೆ ಬಿಸಿ ಪಾತ್ರೆಯನ್ನು ಸುಮ್ನೆ ಪಕ್ಕಕ್ಕೆ ಜರುಗಿಸಲು ಆಗುವುದಿಲ್ಲ. ಅದಕ್ಕೆ ಒಲೆಯ ಎಡಕ್ಕೂ ಬಲಕ್ಕೂ ಅದೇ ಎತ್ತರದಲ್ಲಿ ಒಂದೊಂದು ಅಡಿ ಖಾಲಿ ಜಾಗ ಬಿಡಿಸಿದೆವು. ಕುಕ್ಕರ್ ಇಳಿಸಲು ಅಷ್ಟು ಸಾಕು.

28 ಇಂಚಿನ ಕಟ್ಟೆ ಕೆಳಗೆ ರೆಗ್ಯುಲೇಟರ್ ಸಮೇತ ಸಿಲಿಂಡರ್ ನಿಲ್ಲಿಸುವುದು ಕಷ್ಟ. ಅದನ್ನು ಪಕ್ಕದ 32 ಇಂಚಿನ ಕೆಳಗೆ ಇಟ್ಟೆವು. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ನೆಲದ ಮಟ್ಟದಲ್ಲೇ ತುಂಬಿಕೊಳ್ಳುತ್ತದೆ. ಚೆಂದಕ್ಕೆ ಅಂತ ಸಿಲಿಂಡರಿನ ಸುತ್ತ ಬಾಗಿಲು ಬಿಗಿದು ಮುಚ್ಚುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ನಮ್ಮ ಬಾಗಿಲಿನ ಕೆಳಭಾಗದಲ್ಲಿ ಆಚಾರ್ರು ಗಾಳಿ ಆಡುವ ಹಾಗೆ ಪಟ್ಟಿ ಜಾಲರಿ ಕೂರಿಸಿದ್ದಾರೆ.

ಮರದ ವಿಷಯದಲ್ಲಿ ಒಂದು ಮಾತು. ಸಿಂಕಿನ ಕೆಳಗೆ ನೀರು ತಡೆಯುವ ಪ್ಲೈವುಡ್ಡೇ ಬೇಕು. ಐಎಸ್ 710 ಅನ್ನುವ ಗುರುತು ನೋಡಿ ತನ್ನಿ. ಒತ್ತಿದ ಪುಡಿಯ ಹಲಗೆ ನೀರು ಕುಡಿದು ಉಬ್ಬುತ್ತದೆ. ಕಟ್ಟೆಗೆ ಕಪ್ಪು ಗ್ರಾನೈಟ್ ಹಾಕಿಸಿದೆವು. ಬಿಳಿ ಅಮೃತಶಿಲೆ ಕಣ್ಣಿಗೆ ಚೆಂದ, ನಿಜ. ಆದರೆ ಅರಿಸಿನ ಕಲೆ ಮಾಡುತ್ತದೆ, ನಿಂಬೆಹುಳಿ ಬಿದ್ದಲ್ಲಿ ಅದರ ಹೊಳಪು ಹೋಗುತ್ತದೆ.

ಈ ಅಳತೆಯ ಯೋಚನೆ ಹೊಸದಲ್ಲ. 1926ರಲ್ಲಿ ವಿಯೆನ್ನಾದ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯುಟ್ಟೆ-ಲಿಹೊಟ್ಸ್ಕಿ, ಜರ್ಮನಿಯ ಫ್ರಾಂಕ್‌ಫರ್ಟಿನ ಹೊಸ ಬಡಾವಣೆಗಳಿಗೆ ಒಂದು ಪುಟ್ಟ ಅಡುಗೆಮನೆ ರೂಪಿಸಿದರು. ಹೆಂಗಸರು ಅಡುಗೆ ಮಾಡುವಾಗ ಎಷ್ಟು ಹೆಜ್ಜೆ ನಡೆಯುತ್ತಾರೆ ಅನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಂಡು ಮಾಡಿದ ವಿನ್ಯಾಸ ಅದು. ಸುಮಾರು 10,000 ಮನೆಗಳಲ್ಲಿ ಕೂರಿಸಿದರು. ಹೆಂಗಸರ ದಣಿವನ್ನು ಲೆಕ್ಕಕ್ಕೆ ತೆಗೆದುಕೊಂಡರಲ್ಲ, ಅದಕ್ಕೆ ನನಗೆ ಆಕೆಯ ಮೇಲೆ ತುಂಬಾ ಗೌರವ. ಆದರೆ ಅಲ್ಲಿ ಒಬ್ಬರು ನಿಂತು ಕೆಲಸ ಮಾಡುವಷ್ಟೇ ಜಾಗ. ನಮ್ಮಲ್ಲಿ ಹಾಗಾಗುವುದಿಲ್ಲ. ಒಬ್ಬರು ತೊಳಸುತ್ತಿದ್ದರೆ ಇನ್ನೊಬ್ಬರು ನೆಲದ ಮೇಲೆ ಈಳಿಗೆಮಣೆ ಹಾಕಿಕೊಂಡು ಸೊಪ್ಪು ಹೆಚ್ಚುತ್ತಿರುತ್ತಾರೆ. ಅದಕ್ಕಾಗಿ ಕಿಟಕಿ ಕೆಳಗೆ ಕಪಾಟೇ ಹಾಕಿಸದೆ ನಾಲ್ಕು ಅಡಿ ಕೆಂಪು ನೆಲ ಹಾಗೇ ಉಳಿಸಿಕೊಂಡೆವು. ಹಳೇ ಕಡಪ ಕಲ್ಲನ್ನು ಕತ್ತರಿಸಿ ಒಳಗಿನ ಹಲಗೆಗಳಿಗೆ ಬಳಸಿದೆವು.

ಕೆಲಸ ಮುಗಿದ ದಿನ ಅತ್ತೆ ಮೊದಲು ಹಾಲು ಉಕ್ಕಿಸಿದರು. ಆಮೇಲೆ ಮುದ್ದೆಗೆ ಎಸರಿಟ್ಟರು. ಹಿಟ್ಟು ಹಾಕಿ, ಕೋಲು ಹಿಡಿದು, ಬರಿಗಾಲಲ್ಲಿ ನೆಲದ ಮೇಲೆ ನಿಂತೇ ತೊಳಸಿದರು. ಒಂದು ಗಂಟೂ ಇರಲಿಲ್ಲ. "ತೋಳು ನೋಯಲಿಲ್ಲ ಕಣಮ್ಮ" ಅಂದರು.

ಮಣೆ ಈಗ ಸಿಂಕಿನ ಮುಂದಿದೆ. ಐದು ವರ್ಷದ ನನ್ನ ಮಗಳು ಅದರ ಮೇಲೆ ಹತ್ತಿ ನಿಂತು ಕೈ ತೊಳೆಯುತ್ತಾಳೆ.

ನಮಸ್ಕಾರ.