ಮನೆಯಲ್ಲಿ ಸ್ಪ್ಯಾನಿಷ್ ಆಡುವ ಮಕ್ಕಳು ಕ್ಲಾಸಿನಲ್ಲಿ ಯಾಕೆ ಸುಮ್ಮನೆ ಕೂರುತ್ತಾರೆ?

ಎಲ್ಲರಿಗೂ ನಮಸ್ಕಾರ.

ವಾರಾಂತ್ಯದ ಕನ್ನಡ ತರಗತಿಗಳಲ್ಲಿ ಪಾಠ ಮಾಡುವವರೇ ಸೇರಿರುವ ಈ ಸಭೆಯಲ್ಲಿ ಸ್ಪ್ಯಾನಿಷ್ ಮಾತು ಯಾಕೆ ಅಂತ ಕೆಲವರು ಆಗಲೇ ಕೇಳಿದಿರಿ. ಅಮೆರಿಕದಲ್ಲಿ ಮನೆಯಲ್ಲಿ ಸ್ಪ್ಯಾನಿಷ್ ಆಡುವವರು 4 ಕೋಟಿಗೂ ಜಾಸ್ತಿ. ಮನೆಮಾತನ್ನು ಶಾಲೆಯಲ್ಲಿ ಹೇಗೆ ಕಲಿಸಬೇಕು ಅನ್ನುವ ಪ್ರಶ್ನೆಗೆ ಇಲ್ಲಿನ ಸ್ಪ್ಯಾನಿಷ್ ಮೇಷ್ಟ್ರುಗಳು ತಲೆಮಾರುಗಳಿಂದ ತಲೆ ಕೆಡಿಸಿಕೊಂಡಿದ್ದಾರೆ. ತಮ್ಮ ಕ್ಲಾಸನ್ನೇ ಅಧ್ಯಯನ ಮಾಡಿ ಅವರು ಕಂಡುಕೊಂಡದ್ದರಲ್ಲಿ ನಮಗೆ ಬೇಕಾದದ್ದು ಬಹಳ ಇದೆ.

ಕ್ಯಾಲಿಫೋರ್ನಿಯಾದ ಒಂದು ಹೈಸ್ಕೂಲನ್ನು ಕಣ್ಣ ಮುಂದೆ ತಂದುಕೊಳ್ಳಿ. ಸ್ಪ್ಯಾನಿಷ್ ಮೊದಲ ವರ್ಷದ ಕ್ಲಾಸು. ಬೋರ್ಡಿನ ಮೇಲೆ ಬಣ್ಣಗಳ ಹೆಸರು, ವಾರದ ದಿನಗಳು. ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗಿ. ಅಮ್ಮನ ಜೊತೆ ಆಸ್ಪತ್ರೆಗೆ ಹೋಗಿ, ಡಾಕ್ಟರು ಹೇಳಿದ್ದನ್ನು ಅಮ್ಮನಿಗೆ ಸ್ಪ್ಯಾನಿಷಿನಲ್ಲಿ ತಿಳಿಸಿ ಹೇಳುವವಳು ಅವಳೇ. ಅಂಥವಳ ಕೈಯಲ್ಲಿ ಕೆಂಪು, ಹಸಿರು, ಹಳದಿ ಅಂತ ಹೇಳಿಸಿದರೆ ಅವಳು ತಲೆ ಬಗ್ಗಿಸಿ ಫೋನು ನೋಡದೆ ಇನ್ನೇನು ಮಾಡಬೇಕು? ಆದರೆ ಅದೇ ಹುಡುಗಿ ಪರೀಕ್ಷೆಯಲ್ಲಿ ಕಡಿಮೆ ಅಂಕ ತೆಗೆಯುತ್ತಾಳೆ. ಮೇಷ್ಟ್ರು 'ಮನೆಯಲ್ಲಿ ಆಡ್ತೀಯ, ಇಷ್ಟೂ ಬರಲ್ವಾ' ಅಂದುಬಿಟ್ಟರೆ ಮುಗೀತು, ಅವಳು ವರ್ಷಪೂರ್ತಿ ಬಾಯಿ ಬಿಡುವುದಿಲ್ಲ.

ಇಂಥ ಮಕ್ಕಳನ್ನು ಇಲ್ಲಿ ಹೆರಿಟೇಜ್ ಲರ್ನರ್ ಅನ್ನುತ್ತಾರೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಭಾಷಾ ಸಂಶೋಧಕಿ ಗ್ವಾಡಲೂಪೆ ವಾಲ್ಡೆಸ್ ಅವರು ಕೊಟ್ಟ ವಿವರಣೆ ಹೆಚ್ಚು ಬಳಕೆಯಲ್ಲಿದೆ. ಇಂಗ್ಲಿಷ್ ಅಲ್ಲದ ಭಾಷೆ ಆಡುವ ಮನೆಯಲ್ಲಿ ಬೆಳೆದು, ಆ ಭಾಷೆಯನ್ನು ಆಡುವ ಇಲ್ಲವೇ ಬರೀ ಅರ್ಥ ಮಾಡಿಕೊಳ್ಳುವ, ಅಷ್ಟೋ ಇಷ್ಟೋ ಎರಡು ಭಾಷೆಯ ಮಗು. ಆ 'ಬರೀ ಅರ್ಥ ಮಾಡಿಕೊಳ್ಳುವ' ಮಗುವನ್ನೂ ಒಳಗೆ ಸೇರಿಸಿಕೊಂಡದ್ದು ದೊಡ್ಡ ವಿಷಯ ಅಂತ ನನಗನ್ನಿಸುತ್ತದೆ. ನಮ್ಮ ಕ್ಲಾಸುಗಳಲ್ಲಿ ಅರ್ಧ ಜನ ಅವರೇ ಅಲ್ವಾ?

ಈ ಮಕ್ಕಳ ಮೌನದ ಹಿಂದೆ ಇತಿಹಾಸವೂ ಇದೆ. ಮೆಕ್ಸಿಕೋ ಜೊತೆಗಿನ ಯುದ್ಧದ ಕೊನೆಗೆ ಆದ 1848ರ ಒಪ್ಪಂದದಲ್ಲಿ ಮೆಕ್ಸಿಕೋದ ಅರ್ಧದಷ್ಟು ನೆಲ ಅಮೆರಿಕಕ್ಕೆ ಬಂತು. ಅಲ್ಲಿನ ಸ್ಪ್ಯಾನಿಷ್ ಜನ ಎಲ್ಲಿಂದಲೂ ವಲಸೆ ಬಂದವರಲ್ಲ, ಗಡಿಯೇ ಅವರನ್ನು ದಾಟಿ ಬಂದಿತ್ತು. ಟೆಕ್ಸಸ್ಸಿನ ಶಾಲೆಗಳಲ್ಲಿ ಆಟದ ಬಯಲಲ್ಲಿ ಸ್ಪ್ಯಾನಿಷ್ ಆಡಿದ್ದಕ್ಕೂ ಮಕ್ಕಳಿಗೆ ಶಿಕ್ಷೆ ಕೊಡುತ್ತಿದ್ದರು. ಏಟು ತಿಂದ ಆ ಮಕ್ಕಳು ಮುಂದೆ ತಾವು ಅಪ್ಪ ಅಮ್ಮ ಆದಾಗ, ನಮ್ಮ ಪಾಡು ಇವರಿಗೆ ಬೇಡ ಅಂತ ಮನೆಯಲ್ಲೂ ಇಂಗ್ಲಿಷ್ ಹಿಡಿದರು. ಕ್ಯಾಲಿಫೋರ್ನಿಯಾದಲ್ಲಿ 1998ರಲ್ಲಿ ಜನ ಮತ ಹಾಕಿ ಎರಡು ಭಾಷೆಯ ಶಿಕ್ಷಣಕ್ಕೆ ಕಡಿವಾಣ ಹಾಕಿದರು. 2016ರಲ್ಲಿ ಮತ ಹಾಕಿ ಅದನ್ನು ತೆಗೆದರು. ಈ ನಡುವೆ, 2011ರಲ್ಲಿ, ಎರಡು ಭಾಷೆ ಓದಿ ಬರೆಯಬಲ್ಲ ಹೈಸ್ಕೂಲ್ ಮಕ್ಕಳ ಡಿಪ್ಲೊಮಾಗೆ ವಿಶೇಷ ಮುದ್ರೆ ಹಾಕುವ ಕಾನೂನನ್ನೂ ಅದೇ ರಾಜ್ಯ ಮಾಡಿತು.

ಈಗ ಮೇಷ್ಟ್ರ ಸಂಶೋಧನೆಗೆ ಬರೋಣ. ಇದಕ್ಕೆ ಪಿಎಚ್‌ಡಿ ಬೇಡ. ಕ್ಲಾಸಿನಲ್ಲಿ ಕಾಡುವ ಒಂದು ಪ್ರಶ್ನೆ ಹಿಡಿಯಬೇಕು, ಮಕ್ಕಳು ಮಾಡುವುದನ್ನು ಬರೆದಿಟ್ಟುಕೊಳ್ಳಬೇಕು, ಪಾಠದಲ್ಲಿ ಒಂದನ್ನು ಬದಲಿಸಬೇಕು, ಮತ್ತೆ ನೋಡಬೇಕು. ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ 1946ರಲ್ಲಿ 'ಆ್ಯಕ್ಷನ್ ರಿಸರ್ಚ್' ಅಂತ ಬರೆದದ್ದರ ತಿರುಳು ಇಷ್ಟೇ.

ಎಲ್ಲಿಂದ ಶುರು ಮಾಡುವುದು? ಮಕ್ಕಳ ತಪ್ಪುಗಳಿಂದ. ಸ್ಪ್ಯಾನಿಷಿನಲ್ಲಿ ಬಿ ಮತ್ತು ವಿ ಅಕ್ಷರಗಳಿಗೆ ಒಂದೇ ಉಚ್ಚಾರ. ಎಚ್ ಅಕ್ಷರವನ್ನು ಬರೆಯುತ್ತಾರೆ, ಉಚ್ಚರಿಸುವುದಿಲ್ಲ. 'ನೋಡೋಣ' ಅನ್ನುವ ಮಾತು ಎರಡು ಪದ, ವಿ ಹಾಕಿ ಬರೆಯಬೇಕು. 'ಇರುವುದು' ಅನ್ನುವ ಕ್ರಿಯಾಪದ ಒಂದೇ ಪದ, ಎಚ್ ಮತ್ತು ಬಿ ಹಾಕಿ ಬರೆಯಬೇಕು. ಕಿವಿಗೆ ಎರಡೂ 'ಅಬೇರ್'. ಮನೆಯಲ್ಲಿ ಕಲಿತ ಮಗು ಒಂದರ ಜಾಗದಲ್ಲಿ ಇನ್ನೊಂದನ್ನು ಬರೆಯುತ್ತದೆ. ಪುಸ್ತಕದಿಂದ ಕಲಿತ ಪಕ್ಕದ ಹುಡುಗ ಈ ತಪ್ಪು ಮಾಡುವುದು ಅಪರೂಪ. ಆದರೆ ಎರಡು ಬಗೆಯ ಭೂತಕಾಲದಲ್ಲಿ ಯಾವುದು ಎಲ್ಲಿ ಅಂತ ಅವನು ಪ್ರತಿ ವಾಕ್ಯಕ್ಕೂ ತಡವರಿಸುತ್ತಾನೆ. ನಮ್ಮ ಹುಡುಗಿ ಯೋಚನೆಯೇ ಮಾಡದೆ ಸರಿಯಾಗಿ ಆಡಿ ಮುಗಿಸುತ್ತಾಳೆ. ಇಬ್ಬರ ಬರವಣಿಗೆಯನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿ. ಒಂದೇ ಪಾಠ ಇಬ್ಬರಿಗೂ ಸಾಲದು ಅಂತ ಕಣ್ಣಿಗೇ ಕಾಣುತ್ತದೆ.

ಇನ್ನು ಕೆಲವನ್ನು ತಪ್ಪು ಅನ್ನುವುದೇ ಅನ್ಯಾಯ. ನ್ಯೂ ಮೆಕ್ಸಿಕೋದ ಹಳೆಯ ಮನೆಗಳಲ್ಲಿ 'ಹೀಗೆ' ಅನ್ನಲು 'ಅಸಿನಾ', 'ತಂದೆನು' ಅನ್ನಲು 'ತ್ರುಹೆ' ಅನ್ನುತ್ತಾರೆ. ಪಠ್ಯಪುಸ್ತಕದಲ್ಲಿ ಇವಿಲ್ಲ. 'ತ್ರುಹೆ' 16ನೇ ಶತಮಾನದ ಸ್ಪ್ಯಾನಿಷ್ ಬರಹಗಾರರಲ್ಲಿ ಧಾರಾಳವಾಗಿ ಸಿಗುತ್ತದೆ. ಅಜ್ಜಿ ನಾನೂರು ವರ್ಷ ಹಳೆಯ ರೂಪ ಉಳಿಸಿಕೊಂಡಿದ್ದಾಳೆ, ಮೇಷ್ಟ್ರು ಅದರ ಮೇಲೆ ಕೆಂಪು ಗೆರೆ ಎಳೆಯುತ್ತಾರೆ. ಟ್ರಕ್ಕಿಗೆ 'ತ್ರೋಕಾ' ಅಂದರೂ ಅದೇ ಗೆರೆ. ನಾವು 'ಬಸ್ಸು' ಅಂದದ್ದಕ್ಕೆ ಯಾರಾದರೂ ಅಂಕ ಕಳೆದಿದ್ದಾರಾ? ಶಾಲೆಯ ರೂಪವನ್ನೂ ಕಲಿಸಬೇಕು, ಖಂಡಿತ. ಅರ್ಜಿ ಬರೆಯಲು ಅದು ಬೇಕು. ಆದರೆ ಮನೆಯ ರೂಪವನ್ನು ಅಳಿಸಿ ಅದರ ಜಾಗಕ್ಕೆ ಕಲಿಸಿದರೆ ಮಗು ಮನೆಯವರ ಬಗ್ಗೆಯೇ ನಾಚಿಕೆ ಕಲಿಯುತ್ತದೆ.

ನಾನು ತುಂಬಾ ಮೆಚ್ಚುವ ಕೆಲಸ ಅರಿಜೋನಾದ ಟೂಸಾನಿನದು. ಲೂಯಿಸ್ ಮೋಲ್, ಕ್ಯಾಥಿ ಅಮಾಂಟಿ, ಡೆಬೊರಾ ನೆಫ್, ನೋರ್ಮಾ ಗೊನ್ಸಾಲೆಸ್ 1992ರಲ್ಲಿ ಅದರ ಬಗ್ಗೆ ಬರೆದರು. ಇವರಲ್ಲಿ ಅಮಾಂಟಿ ಶಾಲೆಯ ಟೀಚರು. ಮೆಕ್ಸಿಕನ್ ಮೂಲದ ಮಕ್ಕಳ ಮನೆಗೆ ಟೀಚರುಗಳು ಸಂಶೋಧಕರಾಗಿ ಹೋದರು. ದೂರು ಹೇಳಲು ಹೋಗಲಿಲ್ಲ, ಕೇಳಿ ತಿಳಿಯಲು ಹೋದರು. ಬೇಸಾಯ, ದನಕರು, ಗಣಿ ಕೆಲಸ, ಕಟ್ಟಡ, ರಿಪೇರಿ, ನಾಟಿ ಔಷಧಿ, ಹೀಗೆ ಒಂದೊಂದು ಮನೆಯಲ್ಲೂ ಒಂದೊಂದು ವಿದ್ಯೆ. ಒಬ್ಬ ಹುಡುಗ ಮೆಕ್ಸಿಕೋದಿಂದ ಮಿಠಾಯಿ ತಂದು ನೆರೆಹೊರೆಯಲ್ಲಿ ಮಾರುತ್ತಾನೆ ಅಂತ ಗೊತ್ತಾಯಿತು. ಅದೇ ಪಾಠವಾಯಿತು. ಒಬ್ಬ ತಾಯಿ ಕ್ಲಾಸಿಗೆ ಬಂದು ಮಿಠಾಯಿ ಮಾಡುವುದನ್ನು ತೋರಿಸಿದರು. ಎರಡೂ ದೇಶದ ಮಿಠಾಯಿಗೆ ಏನೇನು ಹಾಕುತ್ತಾರೆ ಅಂತ ಮಕ್ಕಳು ಹೋಲಿಸಿ ನೋಡಿದರು. ಶಾಲೆ ಹೊತ್ತು ಮುಗಿದ ಮೇಲೆ ಟೀಚರುಗಳು ಒಟ್ಟಿಗೆ ಕೂತು ತಮ್ಮ ಟಿಪ್ಪಣಿ ಓದಿ ಚರ್ಚೆ ಮಾಡುತ್ತಿದ್ದರು. ಈ ಕೂತು ಮಾತಾಡುವುದು ಬಹಳ ಮುಖ್ಯ. ಒಬ್ಬರೇ ಇಷ್ಟು ನೋಡುವುದು ಕಷ್ಟ.

ಹೈಸ್ಕೂಲಿನಲ್ಲಿ ಮಿಠಾಯಿ ಸಾಲದು. ಅಲ್ಲಿ ಹಲವರು ಕೊಡುವ ಕೆಲಸ ಅಜ್ಜ ಅಜ್ಜಿಯ ಸಂದರ್ಶನ. ಅಜ್ಜನಿಗೆ ಇಂಗ್ಲಿಷ್ ಬರುವುದಿಲ್ಲ, ಹಾಗಾಗಿ ನಾಟಕದ ಮಾತಿಲ್ಲ, ಸ್ಪ್ಯಾನಿಷೇ ಗತಿ. ರೆಕಾರ್ಡ್ ಮಾಡಿ ಬಂದು ಬರೆಯಲು ಕೂತಾಗ ನಿಜವಾದ ವ್ಯಾಕರಣ ಶುರುವಾಗುತ್ತದೆ. 'ತ್ರಬಾಹೋ' ಅನ್ನುವ ಪದದ ಕೊನೆಯ ಅಕ್ಷರದ ಮೇಲೆ ಒಂದು ಗೀಟು ಇದ್ದರೆ 'ಅವನು ದುಡಿದ', ಇಲ್ಲದಿದ್ದರೆ 'ನಾನು ದುಡಿಯುತ್ತೇನೆ'. ಗೀಟು ಮರೆತರೆ, ಅಜ್ಜ ಹೊಲದಲ್ಲಿ ದುಡಿದ ಕತೆಯಲ್ಲಿ ಮೊಮ್ಮಗಳೇ ದುಡಿಯುತ್ತಿರುತ್ತಾಳೆ. ಅಭ್ಯಾಸದ ಹಾಳೆ ಎಷ್ಟು ತುಂಬಿಸಿದರೂ ಹತ್ತದ ಗೀಟು, ಅಜ್ಜನ ಕತೆ ಸರಿಯಾಗಿ ಬರಬೇಕು ಅಂದಾಗ ಹತ್ತುತ್ತದೆ.

ಒಂದು ಎಚ್ಚರಿಕೆ. ಯಾರು ಎಷ್ಟು ಸಲ ಕೈ ಎತ್ತಿದರು ಅಂತ ಎಣಿಸಿ, ಅದನ್ನೇ ಆಸಕ್ತಿಯ ಅಳತೆ ಅಂದುಕೊಳ್ಳಬೇಡಿ. 'ಗೊತ್ತಿಲ್ಲ' ಅನ್ನಲು 'ನೋ ಸೇ' ಅನ್ನುವ ಬದಲು 'ನೋ ಸಾಬೊ' ಅನ್ನುವ ಮಕ್ಕಳನ್ನು ನೆಂಟರೇ ಆಡಿಕೊಳ್ಳುತ್ತಾರೆ, 'ನೋ ಸಾಬೊ ಕಿಡ್ಸ್' ಅಂತ ಹೆಸರೇ ಬಿದ್ದಿದೆ. ಮಗು ಮಾಡಿದ್ದು ಬೇರೆ ಕ್ರಿಯಾಪದಗಳ ನಿಯಮವನ್ನೇ ಇಲ್ಲಿಗೂ ಹಾಕಿದ್ದು. ಹೀಗೆ ಗೇಲಿ ಮಾಡಿಸಿಕೊಂಡು ಬಂದ ಮಗು ಕ್ಲಾಸಿನಲ್ಲಿ ಕೈ ಎತ್ತುವುದಿಲ್ಲ. ಅದು ಏನು ಬರೆಯುತ್ತದೆ, ಮನೆಯಲ್ಲಿ ಯಾರ ಜೊತೆ ಯಾವ ಭಾಷೆ ಆಡುತ್ತದೆ, ಇದನ್ನೆಲ್ಲ ಬೇರೆ ದಾರಿಯಲ್ಲಿ ತಿಳಿಯಬೇಕು.

ನಮ್ಮ ತರಗತಿಗಳ ವಿಷಯ ಬಿಡಿಸಿ ಹೇಳಬೇಕಾಗಿಲ್ಲ. 'ಊಟಕ್ಕೆ ಬಾ' ಅಂದರೆ ಬರುವ, ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹತ್ತು ವರ್ಷದ ಮಗುವನ್ನೂ, ಕನ್ನಡವೇ ಕೇಳದ ಮಗುವನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ ಅ ಆ ಇ ಈ ಹೇಳಿಸುತ್ತೇವೆ. ಧಾರವಾಡದ ಮನೆಯ ಮಗು 'ಹೋಗ್ಯಾನ' ಅನ್ನುತ್ತದೆ, ಮಂಡ್ಯದ ಮನೆಯದು 'ಹೋಗವ್ನೆ' ಅನ್ನುತ್ತದೆ. ಎರಡನ್ನೂ ತಿದ್ದಿ 'ಹೋಗಿದ್ದಾನೆ' ಮಾಡಿಸುತ್ತೇವೆ. ಮೂರನ್ನೂ ಬೋರ್ಡಿನ ಮೇಲೆ ಬರೆದು, ಯಾರ ಮನೆಯಲ್ಲಿ ಯಾವುದು ಅಂತ ಕೇಳಿದರೆ ಸಾಕು, ಮಕ್ಕಳ ಬಾಯಿ ತೆರೆಯುತ್ತದೆ.

ಮುಂದಿನ ಸಭೆಗೆ ಒಂದು ಕೆಲಸ ಕೊಡುತ್ತೇನೆ. ನಿಮ್ಮ ಕ್ಲಾಸಿನ ಇಬ್ಬರು ಮಕ್ಕಳನ್ನು ಆರಿಸಿಕೊಳ್ಳಿ, ಒಬ್ಬರು ಮಾತಾಡದವರಿರಲಿ. ಅಪ್ಪ ಅಮ್ಮನ ಒಪ್ಪಿಗೆ ಕೇಳಿ, ಅಜ್ಜಿ ತಾತನ ಜೊತೆ ಅವರು ಫೋನಿನಲ್ಲಿ ಆಡುವ ಮಾತನ್ನು ಐದು ನಿಮಿಷ ರೆಕಾರ್ಡ್ ಮಾಡಿಸಿ. ಕೇಳಿ ಬರೆದುಕೊಳ್ಳಿ, ತಿದ್ದಬೇಡಿ. ಆ ಹಾಳೆಗಳನ್ನು ತನ್ನಿ, ಒಟ್ಟಿಗೆ ಓದಿ ಮುಂದಿನ ಪಾಠ ಯೋಚಿಸೋಣ. ಈಗ ನಿಮ್ಮ ಪ್ರಶ್ನೆಗಳು.