ಕೈ ಅದೇ, ಮಿದುಳಿನ ಲೆಕ್ಕವೇ ಬೇರೆ

[ನಿರೂಪಕಿ ಕ್ಯಾಮೆರಾ ಎದುರು. ತೋರುಬೆರಳು ಹಣೆಯ ಮುಂದೆ.]

ನನ್ನ ಬೆರಳು ನೋಡಿ. ಹಣೆಯ ಮುಂದೆ ಅಡ್ಡಕ್ಕೆ ಎಳೆಯುತ್ತಾ ಕೊಕ್ಕೆ ಥರ ಮಡಚುತ್ತೇನೆ. ಕಿವುಡರು ಕೈಯಲ್ಲೇ ಆಡುವ ಅಮೆರಿಕನ್ ಸಂಜ್ಞಾ ಭಾಷೆಯಲ್ಲಿ ಇದು 'ಬೇಸಿಗೆ'. ಇದನ್ನೇ ಮೂಗಿನ ಹತ್ತಿರ ಮಾಡಿದರೆ 'ಕುರೂಪ'. ಗದ್ದದ ಹತ್ತಿರ ಮಾಡಿದರೆ 'ಒಣಗಿದ್ದು'. ಬೆರಳು ಅದೇ, ಎಳೆಯುವ ರೀತಿಯೂ ಅದೇ. ಜಾಗ ಮಾತ್ರ ಬೇರೆ. ನಾವು ಒಂದು ಅಕ್ಷರ ಬದಲಿಸಿ ಕಲ್ಲು, ಹಲ್ಲು ಅನ್ನುತ್ತೇವಲ್ವಾ, ಹಾಗೆ.

ಈಗ 'ಊಟ ಆಯ್ತಾ?' ಅಂತ ಕೈಸನ್ನೆ ಮಾಡುತ್ತೇನೆ. ಬೆರಳುಗಳನ್ನು ಸ್ವಲ್ಪ ಹೇಗೆ ಹಿಡಿದರೂ ನಿಮಗೆ ಗೊತ್ತಾಗುತ್ತದೆ. ಇಲ್ಲಿ ಅಷ್ಟು ಕಟ್ಟುನಿಟ್ಟಿಲ್ಲ.

ಸಂಜ್ಞೆಗಳಿಗೂ ಮಾತಿನ ಹಾಗೆ ಬಿಡಿಭಾಗಗಳಿವೆ ಎಂದು ಅಮೆರಿಕದ ಭಾಷಾ ಸಂಶೋಧಕ ವಿಲಿಯಂ ಸ್ಟೋಕಿ 1960ರಲ್ಲೇ ತೋರಿಸಿದರು. ಆದರೆ ಸಂಜ್ಞೆ, ಬರೀ ಕೈಸನ್ನೆ ಇವೆರಡನ್ನು ಮಿದುಳು ಬೇರೆ ಬೇರೆ ಅಂತ ನೋಡುತ್ತದಾ?

[ತೆರೆಯ ಮೇಲೆ: ಮಿದುಳಿನ ಚಿತ್ರ, ಎಡ ಭಾಗಕ್ಕೆ ಬಣ್ಣ]

ಉತ್ತರ ಸಿಕ್ಕಿದ್ದು ಲಕ್ವ ಹೊಡೆದವರಿಂದ. ಸಂಜ್ಞೆ ಅಂದರೆ ಕಣ್ಣು, ಕೈ, ಜಾಗ. ಜಾಗದ ಲೆಕ್ಕ ಜಾಸ್ತಿ ನೋಡುವುದು ಮಿದುಳಿನ ಬಲ ಭಾಗ. ಹಾಗಾದರೆ ಸಂಜ್ಞಾ ಭಾಷೆಯೂ ಅಲ್ಲೇ ಇರಬೇಕು ಅನ್ನಿಸುತ್ತದೆ. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸಾಲ್ಕ್ ಇನ್‌ಸ್ಟಿಟ್ಯೂಟ್‌ನಲ್ಲಿ ಉರ್ಸುಲಾ ಬೆಲುಗಿ ಮತ್ತು ಜೊತೆಗಾರರು ಕಂಡಿದ್ದು ಉಲ್ಟಾ. ಬಲ ಭಾಗಕ್ಕೆ ಪೆಟ್ಟಾದ ಕಿವುಡರು ಚಿತ್ರ ಬರೆಯಲು ಒದ್ದಾಡಿದರು, ಸಂಜ್ಞೆ ಮಾತ್ರ ಸಲೀಸು. ಎಡ ಭಾಗಕ್ಕೆ ಪೆಟ್ಟಾದವರ ಸಂಜ್ಞೆಯೇ ಮುರಿದುಬಿತ್ತು.

ಕೈಗೇ ಶಕ್ತಿ ಇಲ್ಲದೆ ಹಾಗಾಗಿರಬಹುದಲ್ವಾ? ನನಗೆ ತುಂಬಾ ಇಷ್ಟವಾದ ಪ್ರಕರಣ ಇದಕ್ಕೇ ಉತ್ತರ. 2004ರಲ್ಲಿ ಪ್ರಕಟವಾಯಿತು. ಬ್ರಿಟಿಷ್ ಸಂಜ್ಞಾ ಭಾಷೆ ಬಳಸುವ ಒಬ್ಬ ಕಿವುಡರಿಗೆ ಮಿದುಳಿನ ಎಡ ಭಾಗದಲ್ಲಿ ಲಕ್ವ ಹೊಡೆದಿತ್ತು. ಚಿತ್ರ ತೋರಿಸಿದರೆ ಸಂಜ್ಞೆ ನೆನಪಿಗೆ ಬಾರದು. ಒಂದು ಸಂಜ್ಞೆಗೆ ಅದರ ಹತ್ತಿರದ ಅರ್ಥದ ಇನ್ನೊಂದು ಬರುತ್ತಿತ್ತು. ಕೆಲವೊಮ್ಮೆ ಸಂಜ್ಞೆಯ ರೂಪವೇ ತಪ್ಪುತ್ತಿತ್ತು. ಸ್ವಲ್ಪ ಸುಳಿವು ಕೊಟ್ಟರೆ ಸಿಗುತ್ತಿತ್ತು. ಮಾತು ಕಳೆದುಕೊಂಡವರಿಗೆ ಹೇಗೋ ಥೇಟ್ ಹಾಗೆ. ಅದೇ ವಸ್ತುವನ್ನು ಸುಮ್ನೆ ಅಭಿನಯಿಸಿ ತೋರಿಸಿ ಅಂದರೆ? ಹೆಚ್ಚುಕಡಿಮೆ ಸರಿಯಾಗಿಯೇ ತೋರಿಸುತ್ತಿದ್ದರು. ಸಂಜ್ಞೆಯೂ ಅಭಿನಯವೂ ನೋಡಲು ಒಂದೇ ಥರ ಇದ್ದಾಗಲೂ ಇದೇ ಕಥೆ!

[ತೆರೆಯ ಮೇಲೆ: ಸ್ಕ್ಯಾನ್ ಯಂತ್ರ]

ಆಮೇಲೆ ಸ್ಕ್ಯಾನ್‌ಗಳೂ ಬಂದವು. 2015ರ ಅಮೆರಿಕದ ಅಧ್ಯಯನವೊಂದರಲ್ಲಿ ಸಂಜ್ಞೆ, ಅಭಿನಯ ಎರಡರ ವಿಡಿಯೋಗಳನ್ನೂ ತೋರಿಸಿದರು. ಸಂಜ್ಞಾ ಭಾಷೆ ಬಲ್ಲ ಕಿವುಡರ ಮಿದುಳಿನ ಎಡಭಾಗದ ಭಾಷಾ ಕೇಂದ್ರಗಳು ಸಂಜ್ಞೆಗೆ ಹೆಚ್ಚು ಚುರುಕಾದವು. ಆ ಭಾಷೆ ಬಾರದವರ ಮಿದುಳಿಗೆ ಎರಡೂ ಬರೀ ಕೈಯಾಟ.

ಹಾಗಂತ ಬಲ ಭಾಗ ಕೈಕಟ್ಟಿ ಕೂರುವುದಿಲ್ಲ. ಯಾವ ವಸ್ತು ಎಲ್ಲಿದೆ ಎಂದು ಜಾಗವನ್ನೇ ಬಳಸಿ ಹೇಳುವಾಗ ಅದಕ್ಕೂ ಕೆಲಸವಿದೆ.

ಇದು ಆಸ್ಪತ್ರೆಯಲ್ಲೂ ಮುಖ್ಯ. ಲಕ್ವ ಹೊಡೆದ ಕಿವುಡರೊಬ್ಬರು 'ನೀರು ಬೇಕು' ಅಂತ ಕೈಸನ್ನೆ ಮಾಡಿದ ಮಾತ್ರಕ್ಕೆ ಅವರ ಭಾಷೆ ಸರಿಯಿದೆ ಅಂತಲ್ಲ. ಪರೀಕ್ಷೆ ಮಾಡುವಾಗ ಅವರ ಸಂಜ್ಞಾ ಭಾಷೆ ಬಲ್ಲವರು ಪಕ್ಕದಲ್ಲಿರಬೇಕು. ಕೈ ಮಾತಾಡುತ್ತಿದೆಯಾ, ಬರೀ ಅಭಿನಯಿಸುತ್ತಿದೆಯಾ ಎಂದು ಗೊತ್ತಾಗುವುದು ಅವರಿಗೇ.